ಪಿಲಿಕುಳದಲ್ಲಿ ಹುಲಿಯ ಬದಲು ಬಲೆಯ ಫೋಟೋ ಬರುತ್ತದೆ, ಏನು ಮಾಡುವುದು?

ಪ್ರಶ್ನೆ: ನಮ್ಮದು ಕಾಸರಗೋಡು ಬದಿಯ ನೀರ್ಚಾಲು. ಬರುವ ಆದಿತ್ಯವಾರ ಮಕ್ಕಳನ್ನು ಕರಕೊಂಡು ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋಗಬೇಕೆಂದಿದ್ದೇವೆ. ಕಳೆದ ಸಲ ತೆಗೆದ ಫೋಟೋಗಳಲ್ಲಿ ಪ್ರಾಣಿಗಿಂತ ತಂತಿ ಬಲೆಯೇ ಚೆನ್ನಾಗಿ ಬಂದಿತ್ತು. ಹಾವಿನ ಫೋಟೋದಲ್ಲಿ ನನ್ನದೇ ಅಂಗಿ ಕಾಣುತ್ತಿತ್ತು, ಕರಡಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕೈಯಲ್ಲಿರುವುದು ಕ್ಯಾನನ್ 1500ಡಿ, ಅದರ ಜೊತೆಗೆ ಬಂದ 18–55 ಮತ್ತು 55–250 ಲೆನ್ಸುಗಳು. ಮಗಳ ಹತ್ತಿರ ಮೊಬೈಲ್ ಮಾತ್ರ ಉಂಟು. ಹೊಸ ಲೆನ್ಸ್ ತೆಗೆದುಕೊಳ್ಳಬೇಕೇ? ಒಳ್ಳೆಯದು ಸಿಕ್ಕಿದರೆ ಸ್ಪರ್ಧೆಗೆ ಕಳಿಸಬಹುದೇ?

ಉತ್ತರ: ಹೊಸ ಲೆನ್ಸಿಗೆ ದುಡ್ಡು ಹಾಕಬೇಡಿ. ಈ ಕೆಲಸಕ್ಕೆ 55–250 ಸಾಕು. 18–55 ಅನ್ನು ಮಕ್ಕಳ ಫೋಟೋಕ್ಕೆ ಇಟ್ಟುಕೊಳ್ಳಿ, ಇಲ್ಲವೇ ಮನೆಯಲ್ಲೇ ಬಿಡಿ.

ಕಳೆದ ಸಲ ಕೆಟ್ಟದ್ದು ಬಹುಶಃ ಡಯಲ್ ಹಸಿರು ಆಟೋದಲ್ಲಿ ಇದ್ದದ್ದರಿಂದ. ಆಟೋದಲ್ಲಿ ಕ್ಯಾಮೆರಾ ತನ್ನ ಒಂಬತ್ತು ಫೋಕಸ್ ಬಿಂದುಗಳಲ್ಲಿ ಹೆಚ್ಚಾಗಿ ಹತ್ತಿರದ ವಸ್ತು ಸಿಕ್ಕಿದ್ದನ್ನು ಹಿಡಿಯುತ್ತದೆ. ಗೂಡಿನ ಎದುರು ನಿಂತಾಗ ಹತ್ತಿರ ಇರುವುದು ಬಲೆಯೇ. ಸ್ವಲ್ಪ ನೆರಳಾದರೆ ಫ್ಲ್ಯಾಶ್ ತಾನಾಗಿ ಏಳುತ್ತದೆ. ಅದರ ಬೆಳಕು ಹುಲಿಯನ್ನು ಮುಟ್ಟುವ ಮೊದಲು ತಂತಿಗೆ ಬಡಿದು ಬಿಳಿ ಗೆರೆಗಳಾಗಿ ವಾಪಸು ಬರುತ್ತದೆ. ಹುಲಿ ಕತ್ತಲಲ್ಲೇ ಉಳಿಯುತ್ತದೆ. ಪ್ರಾಣಿಗೂ ಅದು ಕಿರಿಕಿರಿ. ಆದ್ದರಿಂದ ಮೊದಲ ಕೆಲಸ ಆಟೋ ಬಿಡುವುದು.

ಡಯಲನ್ನು ‘ಎವಿ’ಗೆ (ಅಪರ್ಚರ್ ನಿಮ್ಮ ಕೈಯಲ್ಲಿ, ಶಟರ್ ವೇಗ ಕ್ಯಾಮೆರಾದ ಕೈಯಲ್ಲಿ) ತಿರುಗಿಸಿ, ಅಪರ್ಚರನ್ನು, ಎಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್ 5.6ಕ್ಕೆ ಇಟ್ಟು (ಅಂಕಿ ಹೆಚ್ಚಿದಷ್ಟು ಕಿಂಡಿ ಕಿರಿದು) ದಿನವಿಡೀ ಅಲ್ಲೇ ಬಿಡಿ. ಫೋಕಸ್ ಬಿಂದು ನಡುವಿನದ್ದೊಂದೇ. 1500ಡಿಯಲ್ಲಿ ನಡುವಿನ ಬಿಂದುವೇ ಹೆಚ್ಚು ನಂಬಿಕೆಯದ್ದು, ನೆರಳಿನಲ್ಲಿ ಉಳಿದವು ತಡಕಾಡುತ್ತವೆ. ಐಎಸ್‌ಒ, ಎಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ನೀವೇ ಹಾಕಿ: ಬಿಸಿಲಲ್ಲಿ 400, ತೆರೆದ ನೆರಳಲ್ಲಿ 800, ಮರದಡಿಯ ಗೂಡಿನೊಳಗೆ 1600, ತೀರಾ ಕತ್ತಲೆ ಎನಿಸಿದರೆ 3200. ಲೆಕ್ಕ ಹೀಗೆ: ನಡುಹಗಲಿನ ಬಿಸಿಲಲ್ಲಿ ಐಎಸ್‌ಒ 400, ಎಫ್ 5.6 ಇದ್ದರೆ ಶಟರ್ ವೇಗ ಸುಮಾರು 1/3200 ಸೆಕೆಂಡ್ ಸಿಗುತ್ತದೆ. ಅದೇ ಸೆಟ್ಟಿಂಗಿನಲ್ಲಿ ತೆರೆದ ನೆರಳಿಗೆ ಬಂದರೆ ಸುಮಾರು 1/400, ದಟ್ಟ ಮರದ ಬುಡದಲ್ಲಿ 1/100ಕ್ಕಿಂತಲೂ ಕೆಳಗೆ. ವ್ಯೂಫೈಂಡರಿನ ಕೆಳಸಾಲಿನಲ್ಲಿ ಈ ಅಂಕಿ ಕಾಣುತ್ತಲೇ ಇರುತ್ತದೆ, ಅದನ್ನು ನೋಡುವ ಅಭ್ಯಾಸ ಮಾಡಿ. ಕೂತ ಪ್ರಾಣಿಗೆ 1/250, ನಡೆಯುವುದಕ್ಕೆ 1/500, ಓಡುವುದಕ್ಕೂ ಹಾರುವುದಕ್ಕೂ 1/1000 ಬೇಕು. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈನಡುಕವನ್ನು ತಡೆಯುತ್ತದೆ, ಪ್ರಾಣಿಯ ಅಲುಗಾಟವನ್ನಲ್ಲ. ಕಾಳುಕಾಳಾದ ಫೋಟೋವನ್ನು ಆಮೇಲೆ ಸರಿಮಾಡಬಹುದು, ಅಲುಗಿದ್ದನ್ನು ಸರಿಮಾಡಲಿಕ್ಕಾಗುವುದಿಲ್ಲ. ಹಾಗಾಗಿ ಐಎಸ್‌ಒ ಏರಿಸಲು ಹೆದರಬೇಡಿ. ಶಟರನ್ನು ಹಿಡಿದಿಡುವ ‘ಟಿವಿ’ ಮೋಡನ್ನು ಕೆಲವರು ಹೇಳುತ್ತಾರೆ. ಬಲೆಯ ಎದುರು ಅದು ಬೇಡ, ಏಕೆಂದರೆ ಬಿಸಿಲು ಹೆಚ್ಚಾದ ಕೂಡಲೇ ಕ್ಯಾಮೆರಾ ಅಪರ್ಚರನ್ನು ಕಿರಿದು ಮಾಡುತ್ತದೆ, ಮಾಯವಾಗಿದ್ದ ಬಲೆ ಪುನಃ ಮೂಡುತ್ತದೆ.

ಬಲೆ ಮಾಯವಾಗುವುದು ಹೇಗೆ ಎಂಬುದೊಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಲೆನ್ಸ್ ಪ್ರಾಣಿಯನ್ನು ನೋಡುವುದು ಒಂದು ಕಿಟಕಿಯ ಮೂಲಕ. ಆ ಕಿಟಕಿಯ ಅಗಲ ಎಂದರೆ ಫೋಕಲ್ ದೂರವನ್ನು (ಝೂಮ್ ಉಂಗುರದ ಮೇಲೆ 55ರಿಂದ 250ರವರೆಗೆ ಕಾಣುವ ಮಿ.ಮೀ. ಅಂಕಿ) ಎಫ್ ಅಂಕಿಯಿಂದ ಭಾಗಿಸಿದಷ್ಟು. 250ರಲ್ಲಿ ಎಫ್ 5.6 ಇಟ್ಟರೆ ಸುಮಾರು 45 ಮಿ.ಮೀ. ಎದುರಿಗೆ 3 ಮಿ.ಮೀ. ದಪ್ಪದ ತಂತಿ ಬಂದರೂ 45ರ ಕಿಟಕಿಯಲ್ಲಿ ಅದು ಮುಚ್ಚುವುದು ಸ್ವಲ್ಪವೇ. ಉಳಿದ ಕಡೆಯಿಂದ ಹುಲಿಯ ಬೆಳಕು ಸುತ್ತಿಕೊಂಡು ಒಳಗೆ ಬರುತ್ತದೆ. ಅದೇ 250ರಲ್ಲಿ ಎಫ್ 16 ಇಟ್ಟರೆ ಕಿಟಕಿ 16 ಮಿ.ಮೀ.ಗೆ ಇಳಿಯುತ್ತದೆ, ತಂತಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. 55ರಲ್ಲಿ ಎಫ್ 5.6 ಎಂದರೆ 10 ಮಿ.ಮೀ.ಯೂ ಇಲ್ಲ. ‘ಇಡೀ ಗೂಡು ಬರಲಿ’ ಎಂದು ಝೂಮ್ ಹಿಂದಕ್ಕೆ ತಂದವರ ಫೋಟೋದಲ್ಲೆಲ್ಲ ಬಲೆ ಇರುವುದು ಇದೇ ಕಾರಣಕ್ಕೆ.

ಇನ್ನು ದೂರದ ಮಾತು. ಹಲವು ಗೂಡುಗಳ ಎದುರು ಒಂದೆರಡು ಮೀಟರ್ ಬಿಟ್ಟು ಕಂಬಿಯ ಅಡ್ಡಗಟ್ಟೆ ಇರುತ್ತದೆ. ಅದನ್ನು ದಾಟಲೇಬಾರದು, ಕೈ ಚಾಚಿ ಕ್ಯಾಮೆರಾವನ್ನು ಒಳಗೂ ಹಿಡಿಯಬಾರದು. ಬಲೆ ನಿಮ್ಮಿಂದ ಒಂದೂವರೆ ಮೀಟರಿನಲ್ಲಿದ್ದು ಹುಲಿ 9 ಮೀಟರಿನಲ್ಲಿದ್ದರೆ, ಬಲೆ ಇರುವ ಜಾಗದಲ್ಲಿ ಕಿಟಕಿಯ ಅಗಲ ಇನ್ನೂ 37 ಮಿ.ಮೀ. ಉಳಿದಿರುತ್ತದೆ. ತಂತಿ ನುಂಗುವುದು ಹತ್ತರಲ್ಲೊಂದು ಪಾಲು ಬೆಳಕು, ಕಣ್ಣಿಗೆ ಗೊತ್ತೂ ಆಗುವುದಿಲ್ಲ. ಅದೇ ಹುಲಿ ಬಲೆಯಿಂದ ಒಂದೇ ಮೀಟರಿನಷ್ಟು ಹತ್ತಿರ ಬಂದು ನಿಂತರೆ ಅಗಲ 18 ಮಿ.ಮೀ.ಗೆ ಇಳಿದು ಐದರಲ್ಲೊಂದು ಪಾಲು ಹೋಗುತ್ತದೆ. ಮುಖದ ಮೇಲೆ ಮಸಕು ಪಟ್ಟೆಗಳು ಬೀಳುತ್ತವೆ. ಹುಲಿ ಬಲೆಗೆ ಮೈ ಉಜ್ಜಿಕೊಂಡು ಹೋಗುವಾಗ ಎಲ್ಲರೂ ಓಡಿ ಬಂದು ಕ್ಲಿಕ್ಕಿಸುತ್ತಾರೆ. ಫೋಟೋಕ್ಕೆ ಅತಿ ಕೆಟ್ಟ ಹೊತ್ತು ಅದೇ. ಆಗ ಕ್ಯಾಮೆರಾ ಇಳಿಸಿ ಕಣ್ಣಲ್ಲಿ ನೋಡಿ, ಅದು ಗೂಡಿನ ನಡುವಿಗೆ ಹೋದ ಮೇಲೆ ಕ್ಯಾಮೆರಾ ಎತ್ತಿ.

ಇಷ್ಟು ಮಾಡಿಯೂ ಚಿತ್ರ ಹಾಲು ಬೆರೆಸಿದ ಹಾಗೆ ಬೆಳ್ಳಗಾದರೆ ಬಲೆಗೆ ಬಿಸಿಲು ಬೀಳುತ್ತಿದೆ ಎಂದರ್ಥ. ಸತುವಿನ ಹೊಳಪಿರುವ ಹೊಸ ಬಲೆಯಲ್ಲಿ ಈ ಕಾಟ ಹೆಚ್ಚು, ಕಪ್ಪು ಅಥವಾ ಹಸಿರು ಬಣ್ಣ ಬಳಿದದ್ದರಲ್ಲಿ ಕಡಿಮೆ. ಮರದ ನೆರಳು ಬಿದ್ದ ಭಾಗ ಹುಡುಕಿ ಎರಡು ಹೆಜ್ಜೆ ಸರಿಯಿರಿ. ಸಿಗದಿದ್ದರೆ ಕೊಡೆ ಬಿಡಿಸಿ ಮನೆಯವರೊಬ್ಬರು ಹಿಡಿದುಕೊಳ್ಳಲಿ. ಕೊಡೆಯ ನೆರಳು ಬೀಳಬೇಕಾದದ್ದು ನಿಮ್ಮ ತಲೆಯ ಮೇಲಲ್ಲ, ಲೆನ್ಸಿನ ಎದುರಿನ ಬಲೆಯ ಮೇಲೆ. ಅಡ್ಡಗಟ್ಟೆ ಇರುವಲ್ಲಿ ಕೊಡೆ ಅಷ್ಟು ದೂರ ಮುಟ್ಟದು, ಮುಟ್ಟಿಸಲೂ ಹೋಗಬೇಡಿ.

ನಡುವಿನ ಬಿಂದುವೂ ಒಮ್ಮೊಮ್ಮೆ ತಂತಿಯನ್ನೇ ಹಿಡಿಯುತ್ತದೆ. ನಿಮ್ಮ 55–250ರ ಮೇಲೆ ‘ಐಎಸ್ 2’ (IS II) ಎಂದು ಬರೆದಿದ್ದರೆ 1.1 ಮೀಟರಿಗಿಂತ ಹತ್ತಿರದ್ದಕ್ಕೆ ಅದು ಫೋಕಸ್ ಆಗುವುದೇ ಇಲ್ಲ. ಅಂದರೆ ಅಡ್ಡಗಟ್ಟೆ ಇಲ್ಲದ ಹಕ್ಕಿಗೂಡಿನಂಥ ಕಡೆ ಲೆನ್ಸನ್ನು ಬಲೆಗೆ ತಾಗುವಷ್ಟು ಹತ್ತಿರ ಒಯ್ದರೆ ತಂತಿಗೆ ಫೋಕಸ್ ಆಗುವ ಭಯವೇ ಇಲ್ಲ. ದೂರ ನಿಲ್ಲಬೇಕಾದಲ್ಲಿ ಹೀಗೆ ಮಾಡಿ: ಹುಲಿ ಇರುವಷ್ಟೇ ದೂರದ ಒಂದು ಮರದ ಕಾಂಡವನ್ನೋ ಕಲ್ಲನ್ನೋ ಬಲೆಯ ಕಣ್ಣಿನೊಳಗಿಂದ ಹಿಡಿದು ಫೋಕಸ್ ಮಾಡಿ, ಲೆನ್ಸಿನ ಬದಿಯ ಗುಂಡಿಯನ್ನು ಎಎಫ್‌ನಿಂದ (ತಾನಾಗಿ ಫೋಕಸ್) ಎಂಎಫ್‌ಗೆ (ಕೈಯಿಂದ ಫೋಕಸ್) ತಳ್ಳಿ. ಫೋಕಸ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಝೂಮ್ ತಿರುಗಿಸಬಾರದು, ತಿರುಗಿಸಿದರೆ ಪುನಃ ಮಾಡಬೇಕು.

ಗೂಡಿನ ಹುಲಿ, ಚಿರತೆ, ಕೆನ್ನಾಯಿಗಳ ಒಂದು ಅಭ್ಯಾಸ ನಿಮಗೆ ಅನುಕೂಲವಾಗುತ್ತದೆ. ಅವು ಒಂದೇ ಹಾದಿಯಲ್ಲಿ ಹೋಗುತ್ತಾ ಬರುತ್ತಾ ಇರುತ್ತವೆ. ಬೆನ್ನು ಹತ್ತಿ ಕ್ಯಾಮೆರಾ ತಿರುಗಿಸಬೇಡಿ. ಎರಡು ಮೂರು ಸುತ್ತು ಸುಮ್ಮನೆ ನೋಡಿ: ಯಾವ ಜಾಗದಲ್ಲಿ ತಿರುಗುವಾಗ ಮುಖ ನಿಮ್ಮ ಕಡೆ ಬರುತ್ತದೆ, ಅಲ್ಲಿ ಹಿಂದೆ ಸಿಮೆಂಟಿನ ಗೋಡೆ ಉಂಟೋ ಗಿಡ ಉಂಟೋ. ಆ ಜಾಗಕ್ಕೆ ಫೋಕಸ್ ಕಟ್ಟಿಟ್ಟು ಕಾಯಿರಿ. 1500ಡಿ ಸೆಕೆಂಡಿಗೆ ಮೂರೇ ಫೋಟೋ ತೆಗೆಯುವುದರಿಂದ ಬಟನ್ ಒತ್ತಿ ಹಿಡಿದರೆ ಒಳ್ಳೆಯದು ಸಿಗುತ್ತದೆಂದು ನೆಚ್ಚಿಕೊಳ್ಳಲಿಕ್ಕಾಗದು. ಮುಂಗಾಲು ನೆಲಕ್ಕೆ ಬೀಳುವ ಗಳಿಗೆಗೆ ಒತ್ತಿ. ಆಗ ತಲೆ ಸ್ವಲ್ಪ ನಿಧಾನವಾಗಿರುತ್ತದೆ.

ಹೊತ್ತಿನ ವಿಷಯ. ಪಿಲಿಕುಳದ ಡಾ. ಶಿವರಾಮ ಕಾರಂತ ಜೈವಿಕ ಉದ್ಯಾನಕ್ಕೆ ಸೋಮವಾರ ರಜೆ (ಮೈಸೂರಿಗೆ ಹೋಗುವವರಿಗೆ ಮಂಗಳವಾರ). ಆದಿತ್ಯವಾರ ಜನ ಹೆಚ್ಚು, ಆದರೆ ಬಾಗಿಲು ತೆರೆದ ಮೊದಲ ಒಂದು ಗಂಟೆ ಆ ದಿನವೂ ಖಾಲಿ ಇರುತ್ತದೆ. ಕುಂಬಳೆಯಿಂದ ಬೆಳಿಗ್ಗೆಯ ರೈಲಿಗೆ ಮಂಗಳೂರು ಸೆಂಟ್ರಲಿಗೆ ಹೋಗಿ ಸ್ಟೇಟ್‌ಬ್ಯಾಂಕಿನಿಂದ ಬಸ್ ಹಿಡಿಯುವುದಾದರೂ, ತಲಪಾಡಿ ಮೇಲೆ ಕಾರಿನಲ್ಲಿ ಹೋಗಿ ವಾಮಂಜೂರಿನಲ್ಲಿ ತಿರುಗುವುದಾದರೂ, ತಿಂಡಿಯನ್ನು ಮನೆಯಲ್ಲೇ ಮುಗಿಸಿ ಹೊರಡಿ. ದಾರಿಯ ಹೋಟೆಲಿನಲ್ಲಿ ಹೋಗುವ ಮುಕ್ಕಾಲು ಗಂಟೆ ಇಡೀ ದಿನದ ಒಳ್ಳೆಯ ಬೆಳಕಿನ ಮುಕ್ಕಾಲು ಗಂಟೆ. ಟಿಕೆಟ್ ಕೌಂಟರಿನಲ್ಲೇ ಕ್ಯಾಮೆರಾದ ಚೀಟಿ ಬೇಕೇ, ಟ್ರೈಪಾಡ್ ಬಿಡುತ್ತಾರೆಯೇ ಎಂದು ಕೇಳಿಬಿಡಿ. ಟ್ರೈಪಾಡ್ ಬಿಟ್ಟರೂ ಆದಿತ್ಯವಾರದ ಗುಂಪಿನಲ್ಲಿ ಅದು ಮಕ್ಕಳ ಕಾಲಿಗೆ ತೊಡರುತ್ತದೆ.

ಬಂದ ಕೂಡಲೇ ದೊಡ್ಡ ಬೆಕ್ಕುಗಳ ಕಡೆ ನಡೆಯಿರಿ. ಕರಾವಳಿಯ ಸೆಕೆಗೆ ಹನ್ನೊಂದರ ಮೇಲೆ ಹುಲಿ ಚಿರತೆಗಳು ಮಲಗಿದರೆ ಮೂರೂವರೆಯವರೆಗೆ ಏಳುವ ಅಂದಾಜಿಲ್ಲ. ಆ ನಡುವಿನ ಹೊತ್ತನ್ನು ಹಾವಿನ ಮನೆಗೆ, ಮೊಸಳೆಗೆ, ಊಟಕ್ಕೆ ಕೊಡಿ. ಸಂಜೆ ಪುನಃ ಬೆಕ್ಕುಗಳ ಹತ್ತಿರ ಬನ್ನಿ. ಮಾಂಸಾಹಾರಿಗಳಿಗೆ ಸಾಮಾನ್ಯವಾಗಿ ಸಂಜೆ ರಾತ್ರಿಕೋಣೆಯ ಒಳಗೆ ಆಹಾರ ಹಾಕುತ್ತಾರೆ. ಅದಕ್ಕೆ ಮೊದಲು ಅವು ಕೋಣೆಯ ಬಾಗಿಲ ಬಳಿ ಸುಳಿದಾಡುತ್ತವೆ, ಕಿವಿ ನೆಟ್ಟಗೆ, ಕಣ್ಣು ಅಗಲ. ಒಂದೇ ತೊಂದರೆ ಹಿಂದಿನ ಕಬ್ಬಿಣದ ಬಾಗಿಲು. ಮುಖ ಮಾತ್ರ ತುಂಬುವಂತೆ 250ರಲ್ಲಿ ಬಿಗಿಯಾಗಿ ಹಿಡಿದರೆ ಬಾಗಿಲು ಚೌಕಟ್ಟಿನ ಹೊರಗೆ ಹೋಗುತ್ತದೆ. ಎಲ್ಲ ಪ್ರಾಣಿಯನ್ನೂ ತೆಗೆಯುತ್ತೇನೆಂದು ಹೊರಟರೆ ಒಂದೂ ಸರಿಯಾಗಿ ಸಿಗುವುದಿಲ್ಲ. ನಾಲ್ಕು ಗೂಡು ಆರಿಸಿಕೊಳ್ಳಿ, ಒಂದೊಂದಕ್ಕೆ ಅರ್ಧ ಗಂಟೆ ಕೊಡಿ. ಮಕ್ಕಳಿಗೆ ಅಷ್ಟು ತಾಳ್ಮೆ ಇರುವುದಿಲ್ಲವಾದ್ದರಿಂದ ದೊಡ್ಡವರು ಸರದಿಯಲ್ಲಿ ಮುಂದೆ ಕರಕೊಂಡು ಹೋಗಲಿ.

ಬಲೆ ಇಲ್ಲದೆ ಕಂದಕ ತೋಡಿದ ಆವರಣಗಳಲ್ಲಿ ಬೇರೆ ತೊಂದರೆ. ಅಲ್ಲಿ ನೀವು ಮೇಲೆ, ಪ್ರಾಣಿ ಕೆಳಗೆ; ಫೋಟೋದಲ್ಲಿ ಬೆನ್ನು ಮತ್ತು ನೆಲ ಮಾತ್ರ. ಜನ ಗೋಡೆಗೆ ಆತುಕೊಂಡು ಬಗ್ಗಿ ತೆಗೆಯುತ್ತಾರೆ, ಅದರಿಂದ ಇನ್ನೂ ಕೆಡುತ್ತದೆ. ಕ್ಯಾಮೆರಾ ಪ್ರಾಣಿಗಿಂತ 3 ಮೀಟರ್ ಮೇಲಿದ್ದು ಅದು 5 ಮೀಟರ್ ದೂರದಲ್ಲಿದ್ದರೆ ನೋಟ 31 ಡಿಗ್ರಿ ಕೆಳಗಿಳಿಯುತ್ತದೆ, 15 ಮೀಟರ್ ದೂರದಲ್ಲಿದ್ದರೆ 11 ಡಿಗ್ರಿ ಮಾತ್ರ. ಹಾಗಾಗಿ ಗೋಡೆಬದಿಯ ಜಿಂಕೆಯನ್ನು ಬಿಟ್ಟು ಆಚೆ ತುದಿಯದ್ದನ್ನು ಆರಿಸಿ 250ರಲ್ಲಿ ತೆಗೆಯಿರಿ, ಎದುರಾಬದುರಾಗಿ ನಿಂತು ತೆಗೆದಂತೆ ಬರುತ್ತದೆ. ಚುಕ್ಕೆ ಜಿಂಕೆ, ಕಡವೆಗಳಲ್ಲಿ ಕಿವಿ ನೋಡಿ. ಎರಡೂ ಕಿವಿ ಮುಂದಕ್ಕೆ ತಿರುಗಿದಾಗಲೇ ಮುಖಕ್ಕೆ ಕಳೆ. ಅದಕ್ಕೆಂದು ಚಪ್ಪಾಳೆ, ಶಿಳ್ಳೆ ಹೊಡೆಯಬಾರದು: ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ತಿನ್ನಲು ಕೊಡುವುದು, ಸದ್ದು ಮಾಡಿ ಕಾಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮಿನ ಪ್ರಕಾರ ನಿಷಿದ್ಧ. ಆದಿತ್ಯವಾರ ಹೇಗೂ ಯಾರಾದರೂ ಕಿರುಚುತ್ತಾರೆ, ಕಿವಿ ತಿರುಗುತ್ತದೆ.

ಕರಡಿ ಬೂದಿಯಾದದ್ದಕ್ಕೆ ಬರೋಣ. ಕ್ಯಾಮೆರಾಕ್ಕೆ ಕಪ್ಪು ಬಿಳುಪು ಗೊತ್ತಿಲ್ಲ. ಎದುರಿಗೆ ಏನು ಬಂದರೂ ಅದನ್ನು ನಡುವಿನ ಬೂದು ಮಟ್ಟಕ್ಕೆ ತರುತ್ತದೆ. ಕಪ್ಪು ಕರಡಿ ಚೌಕಟ್ಟು ತುಂಬಿದರೆ ‘ಕತ್ತಲೆ ಉಂಟು’ ಎಂದು ತಿಳಿದು ಬೆಳಕು ಹೆಚ್ಚು ಒಳಗೆ ಬಿಡುತ್ತದೆ, ಕಪ್ಪು ಬೂದಿಯಾಗುತ್ತದೆ. ಹಿಂಬದಿಯ ‘ಎವಿ’ ಬಟನ್ ಒತ್ತಿ ಹಿಡಿದು ಡಯಲ್ ತಿರುಗಿಸಿ, ಗುರುತನ್ನು ಮೈನಸ್ ಮೂರನೇ ಎರಡು ಅಥವಾ ಮೈನಸ್ ಒಂದಕ್ಕೆ ತನ್ನಿ. ಬಿಳಿ ಹಕ್ಕಿ ಚೌಕಟ್ಟು ತುಂಬಿದರೆ ಇದರ ಉಲ್ಟಾ, ಪ್ಲಸ್. ಆದರೆ ಇಲ್ಲಿ ಹೆಚ್ಚಿನವರು ಎಡವುತ್ತಾರೆ: ಬಿಳಿ ಕೊಕ್ಕರೆ ಚಿಕ್ಕದಾಗಿದ್ದು ಸುತ್ತ ಕಡುಹಸಿರು ಗಿಡವೇ ತುಂಬಿದ್ದರೆ ಕ್ಯಾಮೆರಾ ಲೆಕ್ಕ ಹಾಕುವುದು ಗಿಡವನ್ನು, ಕೊಕ್ಕರೆಯ ಗರಿಗಳೆಲ್ಲ ಸುಟ್ಟು ಬರೀ ಬಿಳಿ ತೇಪೆಯಾಗುತ್ತದೆ. ಆಗ ಬೇಕಾದದ್ದು ಮೈನಸ್ ಒಂದು. ಹುಲಿ ಬಿಸಿಲಲ್ಲಿದ್ದು ಹಿಂದೆ ಕತ್ತಲೆ ಇದ್ದರೂ ಮೈನಸ್. ಗೂಡು ಬದಲಿಸಿದ ಕೂಡಲೇ ಗುರುತನ್ನು ಸೊನ್ನೆಗೆ ತರಲು ಮರೆಯಬೇಡಿ. ಮರಗಳಡಿಯಲ್ಲಿ ತೆಗೆದದ್ದಕ್ಕೆ ಎಲೆಯ ಹಸಿರು ಛಾಯೆ ಅಂಟಿಕೊಳ್ಳುತ್ತದೆ, ಜಿಂಕೆಯ ಹೊಟ್ಟೆಯ ಬಿಳುಪಿನಲ್ಲಿ ಅದು ಎದ್ದು ಕಾಣುತ್ತದೆ. ಜೆಪೆಗ್ ಬದಲು ‘ರಾ’ (RAW, ಕ್ಯಾಮೆರಾ ತಿದ್ದದ ಮೂಲ ಫೈಲು) ಆಗಿ ತೆಗೆದರೆ ಆಮೇಲೆ ಸುಲಭವಾಗಿ ಕಳೆಯಬಹುದು.

ಹಾವಿನ ಮನೆ. ಪಿಲಿಕುಳದ ಹೆಸರು ದೇಶಕ್ಕೆ ಗೊತ್ತಾದದ್ದೇ ಕಾಳಿಂಗ ಸರ್ಪದ ಸಂತಾನಾಭಿವೃದ್ಧಿಯಿಂದ, ಆದ್ದರಿಂದ ಅಲ್ಲಿ ಸ್ವಲ್ಪ ಹೊತ್ತು ಕಳೆಯಲೇಬೇಕು. ಗಾಜಿನಲ್ಲಿ ನಿಮ್ಮ ಅಂಗಿ ಕಂಡದ್ದು ಹೊರಗಿನ ಬೆಳಕು ಒಳಗಿನದಕ್ಕಿಂತ ಹೆಚ್ಚಿದ್ದುದರಿಂದ. ಕಪ್ಪು ಅಥವಾ ಕಡುನೀಲಿ ಅಂಗಿ ಹಾಕಿಕೊಂಡು ಹೋಗಿ. ಬಿಳಿ ಅಂಗಿಯಷ್ಟು ಕೆಟ್ಟದ್ದು ಇನ್ನೊಂದಿಲ್ಲ. ನಿಮ್ಮ ಲೆನ್ಸಿಗೆ 58 ಮಿ.ಮೀ.ಯ ರಬ್ಬರ್ ಹುಡ್ (ಲೆನ್ಸಿನ ಮುಂದೆ ಹಾಕುವ ಮೆತ್ತಗಿನ ಕೊಳವೆ) ಹೊಂದುತ್ತದೆ. ಅದನ್ನು ಗಾಜಿಗೆ ಮೆತ್ತಗೆ ಒತ್ತಿ ಹಿಡಿದರೆ ಬದಿಯ ಬೆಳಕು ಒಳಗೆ ಬರಲಿಕ್ಕಿಲ್ಲ, ಪ್ರತಿಬಿಂಬವೂ ಇಲ್ಲ. ಹುಡ್ ಇಲ್ಲದಿದ್ದರೆ ಕಪ್ಪು ಬಟ್ಟೆಯನ್ನು ಲೆನ್ಸಿಗೆ ಸುತ್ತಿ ಗಾಜಿಗೆ ತಾಗಿಸಿ. ಮೊದಲು ನಿಮ್ಮ ಬದಿಯ ಗಾಜಿನ ಬೆರಳಚ್ಚನ್ನು ಒರೆಸಿಕೊಳ್ಳಿ, ಗಾಜನ್ನು ಬಡಿಯಬೇಡಿ. ಲೆನ್ಸ್ ಗಾಜಿಗೆ ನೇರವಾಗಿರಲಿ: ದಪ್ಪ ಗಾಜಿನ ಮೂಲಕ ಓರೆಯಾಗಿ ತೆಗೆದರೆ ಹುರುಪೆಗಳ ಅಂಚು ಮಸಕಾಗುತ್ತದೆ.

ಹೊಳಪು ಕಳೆಯುವ ಫಿಲ್ಟರ್, ಪೋಲರೈಸರ್, ಹಾಕಿದರೆ ಆಗದೇ ಎಂದು ಕೇಳುವವರುಂಟು. ಅದು ಚೆನ್ನಾಗಿ ಕೆಲಸ ಮಾಡುವುದು ಗಾಜಿಗೆ ಲಂಬವಾದ ಗೆರೆಯಿಂದ ಸುಮಾರು 56 ಡಿಗ್ರಿ ಓರೆಯಲ್ಲಿ, ನೇರ ನಿಂತಾಗ ಅದರಿಂದ ಪ್ರಯೋಜನವಿಲ್ಲ. ಮೇಲಿಂದ ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿಯುವುದು) ಬೆಳಕನ್ನು ತಿನ್ನುತ್ತದೆ. ಅದರ ಜಾಗ ಮೊಸಳೆಯ ಕೊಳದಲ್ಲಿ, ನೀರಿನ ಹೊಳಪು ಕಳೆಯುವುದಕ್ಕೆ. ಅಲ್ಲಿ ಬೆಳಕೂ ಧಾರಾಳ, ಬಾಯಿ ತೆರೆದು ಬಿದ್ದ ಮೊಸಳೆ ನಿಮಿಷಗಟ್ಟಲೆ ಅಲ್ಲಾಡುವುದೂ ಇಲ್ಲ. ‘ಐಎಸ್ 2’ ಲೆನ್ಸಿನ ಮುಂಭಾಗ ಫೋಕಸ್ ಆಗುವಾಗ ತಿರುಗುತ್ತದೆ, ಹಾಗಾಗಿ ಮೊದಲು ಫೋಕಸ್, ಆಮೇಲೆ ಪೋಲರೈಸರ್ ತಿರುಗಿಸುವುದು.

ಗೂಡಿನೊಳಗೆ ಟ್ಯೂಬ್‌ಲೈಟ್ ಅಥವಾ ಅಗ್ಗದ ಎಲ್‌ಇಡಿ ಇದ್ದರೆ ಫೋಟೋದಲ್ಲಿ ಅಡ್ಡಪಟ್ಟೆ ಬರಬಹುದು. ನಮ್ಮ ಕರೆಂಟು 50 ಹರ್ಟ್ಸಿನದ್ದು, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಇಲ್ಲಿ ಮಾತ್ರ ‘ಎವಿ’ ಬಿಟ್ಟು, ಎಲ್ಲವನ್ನೂ ನೀವೇ ಇಡುವ ‘ಎಂ’ಗೆ ಹೋಗಿ 1/100, ಎಫ್ 5.6, ಐಎಸ್‌ಒ 1600ರಿಂದ 3200 ಇಡಿ. ಹಾವು ಸುಮ್ಮನಿದ್ದಾಗ 1/100 ಸಾಕು, ನಾಲಿಗೆ ಮಾತ್ರ ಮಸಕಾಗುತ್ತದೆ. ಫೋಕಸ್ ಹತ್ತಿರದ ಕಣ್ಣಿಗೇ. ಕಣ್ಣು ಹಾಲಿನಂತೆ ನೀಲಿಮಿಶ್ರಿತ ಬಿಳಿಯಾಗಿ ಕಂಡರೆ ಅದು ನಿಮ್ಮ ಲೆನ್ಸಿನ ದೋಷವಲ್ಲ, ಪೊರೆ ಬಿಡುವ ಮುನ್ನ ಹಾವಿನ ಕಣ್ಣು ಹಾಗಾಗುತ್ತದೆ. ಕೆಲವು ದಿನಗಳಲ್ಲಿ ತಿಳಿಯಾಗಿ ಆಮೇಲೆ ಪೊರೆ ಕಳಚುತ್ತದೆ. ಆ ಸಮಯದಲ್ಲಿ ಮೈಯೂ ಮಂಕು, ಬೇರೆ ಹಾವು ನೋಡಿ.

ಮಗಳ ಮೊಬೈಲಿಗೆ ಬಲೆಯ ಎದುರು ಒಂದು ದೊಡ್ಡ ಅನುಕೂಲ: ಅದರ ಲೆನ್ಸ್ ಬಲೆಯ ಎರಡಿಂಚಿನ ಕಣ್ಣಿಗಿಂತ ಎಷ್ಟೋ ಚಿಕ್ಕದು. ಅಡ್ಡಗಟ್ಟೆ ಇಲ್ಲದ ಹಕ್ಕಿಗೂಡಿನಲ್ಲಿ ಲೆನ್ಸನ್ನು ಒಂದು ಕಣ್ಣಿಗೆ ಸರಿಯಾಗಿ ಹಿಡಿದರೆ ತಂತಿ ಚಿತ್ರದೊಳಗೆ ಬರುವುದೇ ಇಲ್ಲ. ಗಾಜಿಗೂ ಹಾಗೆಯೇ ತಾಗಿಸಿ ಹಿಡಿಯಬಹುದು. ದೂರದ ಹುಲಿಗೆ ಮಾತ್ರ ಅದು ಹೇಳಿದ್ದಲ್ಲ. ಬೆರಳಲ್ಲಿ ಎಳೆದು ಹತ್ತು ಪಟ್ಟು ಮಾಡಿದರೆ ಸಿಗುವುದು ಬಣ್ಣದ ಕಲೆಗಳು. ಪೋರ್ಟ್ರೇಟ್ ಮೋಡ್ ಮೀಸೆಯನ್ನೂ ಕಿವಿಯ ಕೂದಲನ್ನೂ ಅಳಿಸಿಬಿಡುತ್ತದೆ, ಅದನ್ನು ಬಿಡಲಿ. ಓಡಾಡುವ ಪ್ರಾಣಿಯನ್ನು 4ಕೆ ವಿಡಿಯೋ ಮಾಡಿ ಅದರಿಂದ ಒಂದು ಚೌಕಟ್ಟು ತೆಗೆದರೆ ಎಂಟು ಮೆಗಾಪಿಕ್ಸೆಲ್ ಸಿಗುತ್ತದೆ, ವಾಟ್ಸಾಪಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು.

ಕಾರಿನ ಎಸಿಯಿಂದ ಹೊರಗೆ ಬಂದು ಚೀಲ ತೆರೆದರೆ ನಮ್ಮ ಕಡೆಯ ಹಸಿಗಾಳಿಗೆ ಲೆನ್ಸ್ ಮಂಜಾಗುತ್ತದೆ. ಒರೆಸಿದರೂ ಪುನಃ ಬರುತ್ತದೆ. ವಾಮಂಜೂರು ಮುಟ್ಟುವ ಮೊದಲೇ ಎಸಿ ನಿಲ್ಲಿಸಿ ಗಾಜು ಇಳಿಸಿ, ಅಥವಾ ಚೀಲದ ಜಿಪ್ ತೆಗೆಯದೆ ಕಾಲು ಗಂಟೆ ಬಿಡಿ. ಮನೆಗೆ ಬಂದ ಮೇಲೆ ಒದ್ದೆ ಚೀಲದ ಸಮೇತ ಕ್ಯಾಮೆರಾವನ್ನು ಕಪಾಟಿನೊಳಗೆ ಹಾಕಿದರೆ ಒಂದೇ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಸ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ಶೇ. 40ರಿಂದ 50ರ ಒಳಗೆ. ಇಷ್ಟಕ್ಕೆ ಹೊಸ ಲೆನ್ಸಿನ ದುಡ್ಡಿನ ಒಂದು ಚೂರು ಸಾಕು.

ಸ್ಪರ್ಧೆ. ನಿಮ್ಮ ಕ್ಯಾಮೆರಾದ ಫೋಟೋ 6000 ಅಡ್ಡ 4000 ಪಿಕ್ಸೆಲಿನದ್ದು. ಅಗಲದಲ್ಲಿ ಅರ್ಧ ಕತ್ತರಿಸಿದರೂ 3000 ಉಳಿಯುತ್ತದೆ, ಇಂಚಿಗೆ 300 ಚುಕ್ಕೆಯಂತೆ ಹತ್ತು ಇಂಚಿನ ಮುದ್ರಣಕ್ಕೆ ಸಾಲುತ್ತದೆ. ಉಳಿದ ಬಲೆಯ ಮಬ್ಬನ್ನು ಕಾಂಟ್ರಾಸ್ಟ್ ಏರಿಸಿ, ಕಪ್ಪಿನ ಮಟ್ಟ ಸ್ವಲ್ಪ ಇಳಿಸಿ ಕಳೆಯಬಹುದು. ಆದರೆ ಯಾವ ವಿಭಾಗಕ್ಕೆ ಕಳಿಸುತ್ತೀರಿ ಎಂಬುದು ಮುಖ್ಯ. ಎಫ್‌ಐಎಪಿ (ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ) ನಿಯಮದಂತೆ ನಡೆಯುವ ಸಲೋನುಗಳಲ್ಲಿ, ಎಂದರೆ ಫೋಟೋ ಸ್ಪರ್ಧೆಗಳಲ್ಲಿ, ಮೃಗಾಲಯದ ಪ್ರಾಣಿ ‘ನೇಚರ್’ ವಿಭಾಗಕ್ಕೆ ಸಲ್ಲುತ್ತದೆ, ‘ವೈಲ್ಡ್‌ಲೈಫ್’ಗೆ ಸಲ್ಲುವುದಿಲ್ಲ, ಅಲ್ಲಿ ಪ್ರಾಣಿ ತನ್ನ ನೆಲೆಯಲ್ಲಿ ಬಂಧನವಿಲ್ಲದೆ ಇರಬೇಕು. ನೇಚರ್ ವಿಭಾಗದಲ್ಲೂ ಉಳಿದ ತಂತಿಯನ್ನು ಸಾಫ್ಟ್‌ವೇರಿನಲ್ಲಿ ಅಳಿಸಿ ಗಿಡ ತುಂಬಿಸಿದರೆ ಫೋಟೋ ತಿರಸ್ಕೃತ. ಚಿತ್ರದಲ್ಲಿದ್ದುದನ್ನು ತೆಗೆಯುವುದು, ಇಲ್ಲದ್ದನ್ನು ಸೇರಿಸುವುದು ಎರಡೂ ಅಲ್ಲಿ ಆಗದು, ಕತ್ತರಿಸುವುದಕ್ಕೆ ಅಡ್ಡಿಯಿಲ್ಲ. ಊರಿನ ಕ್ಲಬ್ಬುಗಳ ಸ್ಪರ್ಧೆಯಾದರೆ ನಿಯಮ ಓದಿಕೊಂಡು, ಶೀರ್ಷಿಕೆಯ ಕೆಳಗೆ ‘ಪಿಲಿಕುಳ ಜೈವಿಕ ಉದ್ಯಾನ’ ಎಂದು ಬರೆದೇ ಕಳಿಸಿ.